ಬಲೆ ಮೇಸ್ತ್ರಿಯ ಕೈಗೆ ಬಿದ್ದ ಹೊಲಿಗೆ

ಗಾಯವಾದರೆ ಗಂಡಸರಲ್ಲಿ ಎರಡು ಬಗೆ. ಕೆಲವರು ಬೀದಿಗೆಲ್ಲ ಕೇಳುವಂತೆ ನರಳುತ್ತಾರೆ. ಇನ್ನು ಕೆಲವರು ಏನೂ ಆಗಿಯೇ ಇಲ್ಲವೆಂಬಂತೆ ಮುಚ್ಚಿಟ್ಟುಕೊಳ್ಳುತ್ತಾರೆ. ನಮ್ಮ ಮನೆಯವರು ಎರಡನೆಯ ಬಗೆ. ನರಳುವವರನ್ನಾದರೂ ಸಂಭಾಳಿಸಬಹುದು ಕಣ್ರೀ, ಈ ಮುಚ್ಚಿಡುವವರನ್ನು ಕಟ್ಟಿಕೊಂಡು ಏಗುವುದರಲ್ಲಿ ಸಾಕುಸಾಕಾಗುತ್ತದೆ.

ಅವರ ಕೆಲಸ ಮೀನು ಹಿಡಿಯುವ ಬಲೆ ರಿಪೇರಿ. ಬಂದರಿನ ಹಿಂದಿನ ಶೆಡ್ಡಿನಲ್ಲಿ ಹರಿದ ಬಲೆ ಹರವಿಕೊಂಡು ಕೂತರೆ ಊಟದ ನೆನಪೂ ಇರುವುದಿಲ್ಲ. ಎಲ್ಲರೂ ಅವರನ್ನು ಬಲೆ ಮೇಸ್ತ್ರಿ ಎನ್ನುತ್ತಾರೆ. ಅವರು ಹಾಕಿದ ಗಂಟು ಬಿಚ್ಚಿತು ಎಂದು ಇಂದಿನವರೆಗೆ ಯಾವ ದೋಣಿಯವರೂ ಬಂದು ದೂರಿಲ್ಲ. ಆ ಹೆಮ್ಮೆ ಅವರಿಗೆ ಸ್ವಲ್ಪ ಜಾಸ್ತಿಯೇ ಇದೆ. ಈ ಕಥೆಯ ಪಜೀತಿಯೆಲ್ಲ ಶುರುವಾಗಿದ್ದು ಆ ಹೆಮ್ಮೆಯಿಂದಲೇ.

ಒಂದು ಬೆಳಿಗ್ಗೆ ದೋಣಿಯಿಂದ ಬಂದ ದೊಡ್ಡ ಬಲೆಯನ್ನು ಜಗ್ಗಿ ಎಳೆಯುತ್ತಿದ್ದರಂತೆ. ಬಲೆಯೊಳಗೆ ಒಡೆದ ಬಾಟಲಿಯ ಚೂರು ಸಿಕ್ಕಿಕೊಂಡಿತ್ತು. ಅದು ಬಲಗೈ ಹೆಬ್ಬೆರಳಿನ ಬುಡವನ್ನು ಸೀಳಿಬಿಟ್ಟಿತು. ಪಕ್ಕದ ಐಸ್ ಅಂಗಡಿಯವನು ಕೂಗಿ ಕರೆದ ಮೇಲೆ ನಾನು ಓಡಿ ಹೋದರೆ, ಇವರು ಕೈಗೆ ಟವೆಲ್ ಸುತ್ತಿಕೊಂಡು ಎಡಗೈಯಲ್ಲಿ ಬಲೆ ಮಡಚುತ್ತಿದ್ದಾರೆ! ಬೈದುಕೊಂಡೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ಗಾಯ ತೊಳೆದು, ಒಳಗೆ ಗಾಜಿನ ಚೂರು ಉಳಿದಿಲ್ಲವೆಂದು ನೋಡಿ, ಧನುರ್ವಾಯು ಬಾರದಂತೆ ಇಂಜೆಕ್ಷನ್ ಕೊಡಿಸಿ, ಮರಗಟ್ಟಿಸಿ, ಹೊಲಿಗೆ ಹಾಕಲು ಕೂತರು. ಬೇರೆಯವರಾದರೆ ಮುಖ ಆ ಕಡೆ ತಿರುಗಿಸುತ್ತಾರೆ. ಇವರು ಬಗ್ಗಿ ನೋಡತೊಡಗಿದರು.

“ಡಾಕ್ಟ್ರೇ, ಇದು ನಮ್ಮ ನೈಲಾನ್ ದಾರಾನೇ ಅಲ್ವಾ?”

“ಹೌದು ಮೇಸ್ತ್ರಿ. ನಿಮ್ಮದಕ್ಕಿಂತ ಬಹಳ ತೆಳು. ಕ್ರಿಮಿ ಇಲ್ಲದ ಹಾಗೆ ಶುದ್ಧ ಮಾಡಿ ಪ್ಯಾಕ್ ಮಾಡಿರ್ತಾರೆ.”

“ಒಂದೊಂದಕ್ಕೂ ಬೇರೆ ಬೇರೆ ಗಂಟು ಯಾಕೆ? ನಾನಾಗಿದ್ರೆ ಒಂದೇ ಎಳೆಯಲ್ಲಿ ಹೋಗ್ಬಿಡ್ತಿದ್ದೆ.”

“ಅದಕ್ಕೇ ನೀವು ಬಲೆ ಮೇಸ್ತ್ರಿ, ನಾನು ಡಾಕ್ಟರು. ಒಂದು ಬಿಚ್ಚಿದ್ರೂ ಉಳಿದವು ಹಿಡಿದಿರಲಿ ಅಂತ.”

ಇಷ್ಟು ಕೇಳಿಸಿಕೊಂಡು ನಾನು ಮಾತ್ರೆ ತರಲು ಔಷಧಿ ಕೌಂಟರಿನ ಸಾಲಿಗೆ ಹೋದೆ. ಆಮೇಲೆ ಡಾಕ್ಟರ್ ಮುಖ್ಯವಾದ ಮಾತು ಹೇಳಿದ್ದಾರೆ. ಒಳಗಿನ ಪದರಕ್ಕೆ ಹಾಕಿದ ಹೊಲಿಗೆ ತಾನೇ ಕರಗುತ್ತದೆ, ಮೇಲಿನ ಚರ್ಮದ ಹೊಲಿಗೆ ಕರಗುವುದಿಲ್ಲ, ಹೇಳಿದ ದಿನ ಬಂದು ತೆಗೆಸಿಕೊಳ್ಳಬೇಕು, ಅಲ್ಲಿಯವರೆಗೆ ಶೆಡ್ಡಿನ ಕಡೆ ತಲೆ ಹಾಕಬಾರದು ಎಂದು. ನಮ್ಮವರ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಮಿಕ್ಕ ಹೊತ್ತೆಲ್ಲ ಡಾಕ್ಟರ್ ಹಾಕಿದ ಗಂಟು ಸರಿಯಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದರಂತೆ, ಮಹಾನುಭಾವರು!

ಮನೆಗೆ ಬಂದು ನೆಮ್ಮದಿಯಾಗಿ ಹೇಳಿದರು. “ಕರಗೋ ಹೊಲಿಗೆಯಂತೆ ಕಣೇ. ತಾನಾಗೇ ಹೋಗುತ್ತಂತೆ.”

ಹೆರಿಗೆಗೆಂದು ಬಂದ ಮಗಳು ಮನೆಯಲ್ಲೇ ಇದ್ದಳು. ಅವಳಿಗೆ ಆಪರೇಷನ್ ಆಗಿ ಮಗುವಾಗಿತ್ತು. “ಹೌದಮ್ಮ, ನಂಗೂ ಹಾಗೇ ಆಯ್ತಲ್ಲ. ಹೊಲಿಗೆ ಎಲ್ಲಿಗೆ ಹೋಯ್ತೋ ಗೊತ್ತೇ ಆಗ್ಲಿಲ್ಲ” ಎಂದಳು. ಹೊಟ್ಟೆ ಕೊಯ್ದು ಹಾಕಿದ ಹೊಲಿಗೆಯೇ ಕರಗಿದ ಮೇಲೆ ಇದ್ಯಾವ ಲೆಕ್ಕ ಎಂದು ನಾನೂ ಸುಮ್ಮನಾದೆ. ತಪ್ಪು ಅವರದೊಬ್ಬರದೇ ಅಲ್ಲ, ನಾವು ಮೂವರೂ ಸೇರಿ ತೂಕಡಿಸಿದೆವು.

ಕೆಲವು ದಿನ ಮನೆಯಲ್ಲಿ ಕೂತರು. ಆಮೇಲೆ “ಸುಮ್ನೆ ನೋಡ್ಕೊಂಡು ಬರ್ತೀನಿ” ಎಂದು ಶೆಡ್ಡಿಗೆ ಹೋಗಲು ಶುರು ಮಾಡಿದರು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿಯುವ ಕಾಲ ಹತ್ತಿರ ಬಂದಿತ್ತು. ಬಲೆ ಕಣ್ಣೆದುರು ಹರಿದು ಬಿದ್ದಿರುವಾಗ ಇವರು ಸುಮ್ಮನೆ ನೋಡಿಕೊಂಡು ಬರುವವರೇ?

ಒಂದು ಸಂಜೆ ಬಂದವರು ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ. ಚಹಾ ಲೋಟವನ್ನು ಎಡಗೈಯಲ್ಲಿ ಹಿಡಿದರು. ಬಲಗೈ ಟವೆಲ್ಲಿನೊಳಗೆ ಅಡಗಿ ಕೂತಿತ್ತು.

“ರೀ, ಕೈ ತೋರಿಸಿ.”

“ಏನಿಲ್ವೇ. ಸ್ವಲ್ಪ ಬಿಸಿಯಾಗಿದೆ ಅಷ್ಟೆ.”

“ಬಿಸಿಯಾಗೋಕೆ ಅದೇನು ಒಲೆನಾ? ತೋರಿಸ್ತೀರೋ ಇಲ್ವೋ?”

ಟವೆಲ್ ಕಿತ್ತು ನೋಡಿದೆ. ಗಾಯದ ಒಂದು ತುದಿ ಬಾಯಿ ಬಿಟ್ಟಿತ್ತು. ಸುತ್ತ ಕೆಂಪಾಗಿ ಊದಿಕೊಂಡಿತ್ತು. ಬೆರಳಿಟ್ಟರೆ ಕಾದಿತ್ತು. ಈ ಮನುಷ್ಯನ ಹೆಬ್ಬೆರಳಿಗೆ ಏನಾದರೂ ಆದರೆ ಏನು ಗತಿ? ಊಟ ಬಟ್ಟೆಯ ಮಾತಲ್ಲ ಇದು. ಗಂಟು ಹಾಕದೆ ಬದುಕುವುದು ಇವರಿಗೆ ಗೊತ್ತೇ ಇಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ಅತ್ತರೆ ಕೆಲಸವಾಗುವುದಿಲ್ಲವೆಂದು ನಾದಿನಿಗೆ ಫೋನ್ ಮಾಡಿದೆ.

ನಾದಿನಿ ಎಂದರೆ ಇವರ ತಂಗಿ. ಅದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದವಳು ಚೀಲದ ಸಮೇತ ನಮ್ಮಲ್ಲಿಗೇ ಬಂದಳು. ಕೈ ತೊಳೆದು, ಅಣ್ಣನ ಕೈಯನ್ನು ದೀಪದ ಕೆಳಗೆ ಹಿಡಿದಳು. ಹೊಲಿಗೆಗಳನ್ನು ಒಂದೊಂದಾಗಿ ನೋಡುತ್ತಾ ಹೋದಳು.

“ಅಣ್ಣಾ, ಗಂಟಿನ ತುದಿಗಳೆಲ್ಲಿ?”

“ಯಾವ ತುದಿ?”

“ಪ್ರತಿ ಗಂಟಿನ ಮೇಲೂ ದಾರದ ತುದಿ ಉದ್ದ ಬಿಟ್ಟಿರ್ತಾರಲ್ಲ. ಒಂದೂ ಕಾಣ್ತಿಲ್ಲ.”

ಇವರು ಗೋಡೆ ನೋಡಿದರು, ಮಗಳನ್ನು ನೋಡಿದರು, ಆಮೇಲೆ ಬಾಯಿ ಬಿಟ್ಟರು. “ಬಲೆ ಕಣ್ಣಿನ ತೂತಿಗೆ ಸಿಕ್ಕಿ ಸಿಕ್ಕಿ ಎಳೀತಿದ್ವು. ಅದಕ್ಕೇ ಕತ್ತರಿಸ್ಬಿಟ್ಟೆ. ಬುಡಕ್ಕೇ.”

“ಯಾವ ಕತ್ತರಿಯಲ್ಲಿ?”

“ಇನ್ಯಾವುದರಲ್ಲಿ? ಶೆಡ್ಡಲ್ಲಿರೋದೇ.”

ನಾನು ಹಣೆ ಚಚ್ಚಿಕೊಂಡೆ. ಮೀನಿನ ಲೋಳೆ ಹತ್ತಿದ ಕತ್ತರಿ ಅದು!

ನಾದಿನಿ ಬೈಯಲಿಲ್ಲ. ಮೆಲ್ಲಗೆ ಕೇಳಿದಳು. “ನಿನ್ನ ಬಲೆಯಲ್ಲಿ ನೈಲಾನ್ ಗಂಟು ಹಾಕಿ, ತುದೀನ ಬುಡಕ್ಕೆ ಕತ್ತರಿಸಿದ್ರೆ ಏನಾಗುತ್ತಣ್ಣ?”

“ಜಾರುತ್ತೆ. ನೈಲಾನ್ ನುಣುಪು, ಜೊತೆಗೆ ಸೆಟಕೊಳ್ಳೋ ಜಾತಿ. ಬಿಟ್ರೆ ನೆಟ್ಟಗಾಗೋಕೇ ನೋಡುತ್ತೆ. ಅದಕ್ಕೇ ತುದೀನ ಲೈಟರಲ್ಲಿ ಸುಟ್ಟು ಉಂಡೆ ಮಾಡ್ತೀವಿ.”

“ಮತ್ತೆ ಇಲ್ಲಿ?”

ಇವರ ದನಿ ಇಳಿಯಿತು. “ಇಲ್ಲೂ ಸುಡೋಕೆ ನೋಡ್ದೆ. ಒಂದಕ್ಕೇ ಸಾಕಾಗ್ಹೋಯ್ತು.”

ಮಗಳು ಮಗುವನ್ನು ಎದೆಗವಚಿಕೊಂಡು ಬಿದ್ದು ಬಿದ್ದು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ. ಲೈಟರಿನಲ್ಲಿ ತನ್ನ ಕೈಯನ್ನೇ ಸುಟ್ಟುಕೊಂಡು, ಯಾರಿಗೂ ಹೇಳದೆ, ಟವೆಲ್ಲಿನೊಳಗೆ ಇಟ್ಟುಕೊಂಡು ಬಂದಿದ್ದಾರೆ! ಇಂಥವರಿಗೆ ಏನು ಹೇಳುವುದು ಹೇಳಿ.

“ನಡಿ ಆಸ್ಪತ್ರೆಗೆ” ಎಂದಳು ನಾದಿನಿ.

“ಬಲೆ ಮುಗೀಲಿ, ಬರ್ತೀನಿ. ಹೇಗೂ ಕರಗುತ್ತಲ್ಲ. ಮಗಳದ್ದು ಕರಗಲಿಲ್ವಾ?”

“ಅಣ್ಣಾ, ನಿನ್ನ ಕಸುಬೇನು? ನೈಲಾನ್ ಬಲೆ ಕಡಲಲ್ಲಿ ಕಳೆದುಹೋದ್ರೆ ಕರಗುತ್ತಾ?”

“ಎಲ್ಲಿಂದ ಕರಗುತ್ತೆ? ವರ್ಷಗಟ್ಟಲೆ ಹಾಗೇ ಬಿದ್ದಿರುತ್ತೆ.”

“ಕಡಲಲ್ಲೇ ಕರಗದ್ದು ನಿನ್ನ ಕೈಯಲ್ಲಿ ಕರಗುತ್ತಾ?”

ದಾರದ ವಿಷಯದಲ್ಲಿ ಇವರ ಬಾಯಿ ಮುಚ್ಚಿಸಿದವರನ್ನು ನಾನು ಕಂಡಿದ್ದು ಅದೇ ಮೊದಲು.

ಆದರೂ ಏಳಲಿಲ್ಲ. ನಾದಿನಿ ಅವರ ಎದುರು ಕುರ್ಚಿ ಎಳೆದುಕೊಂಡು ಕೂತಳು. “ಹೆಬ್ಬೆರಳನ್ನ ಕಿರುಬೆರಳಿಗೆ ಮುಟ್ಟಿಸು ನೋಡೋಣ.” ಇವರು ಮುಟ್ಟಿಸಲು ಹೋದರು. ಬೆರಳು ಅರ್ಧ ದಾರಿಯಲ್ಲೇ ನಿಂತಿತು. ಹಣೆ ಮೇಲೆ ಬೆವರು ಮೂಡಿತು.

“ಈ ನೋವು ಚರ್ಮದಲ್ಲೇ ಇದ್ರೆ ಇವತ್ತೇ ನೋಡ್ಕೋಬಹುದು. ಕೀವು ಒಳಗಿಳಿದು ಬೆರಳನ್ನ ಎಳೆಯೋ ಸ್ನಾಯುರಜ್ಜು ತನಕ ಹೋದ್ರೆ, ಬೆರಳು ಸೆಟೆದು ನಿಲ್ಲಬಹುದು. ಆಮೇಲೆ ಬಲೆ ಸೂಜಿ ಹಿಡಿಯೋದು ಯಾರಣ್ಣ?”

ಇವರು ಎದ್ದು ಚಪ್ಪಲಿ ಹುಡುಕಿದರು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಬೇರೊಂದು ಕೇಸಿನಲ್ಲಿದ್ದರು. ಡ್ರೆಸ್ಸಿಂಗ್ ರೂಮಿನ ಹೊರಗಿನ ಬೆಂಚಿನ ಮೇಲೆ ಕೂತೆವು. ಗಾಬರಿಯಾದಾಗ ಇವರಿಗೆ ಮಾತು ಹೆಚ್ಚು. ಶುರು ಮಾಡಿದರು. “ಅದಿರಲಿ, ಕರಗೋ ದಾರ ಅಂತ ಒಂದಿದ್ದ ಮೇಲೆ ಎಲ್ಲರಿಗೂ ಎಲ್ಲ ಕಡೆ ಅದನ್ನೇ ಹಾಕಿ ಕೈತೊಳ್ಕೊಳ್ಳಬಾರ್ದಾ? ಈ ತೆಗೆಸೋ ತಾಪತ್ರಯ ಯಾಕೆ?”

ನಾನೂ ಅದನ್ನೇ ಕೇಳಬೇಕೆಂದಿದ್ದೆ.

“ಎಲ್ಲ ಬಲೆಗೂ ಒಂದೇ ದಾರ ಹಾಕ್ತೀಯಾ ನೀನು?” ಎಂದಳು ನಾದಿನಿ. “ಇದೂ ಹಾಗೇ. ಕರಗೋ ದಾರ ಒಳಗಿನ ಪದರಕ್ಕೆ ಒಳ್ಳೇದು. ಯಾಕಂದ್ರೆ ಒಳಗೆ ಕೈ ಹಾಕಿ ತೆಗೆಯೋಕಾಗಲ್ಲ. ಗಾಯ ಕೂಡಿಕೊಳ್ಳೋವರೆಗೆ ಹಿಡಿದಿಟ್ಟು, ಆಮೇಲೆ ನಿಧಾನವಾಗಿ ಕರಗುತ್ತೆ. ಮತ್ತೆ ಬರೋ ಕೆಲಸ ಇಲ್ಲ. ಆದ್ರೆ ದಿನ ಕಳೆದ ಹಾಗೆ ಅದರ ಬಲ ಕಡಿಮೆಯಾಗ್ತಾ ಹೋಗುತ್ತೆ. ಬಹಳ ಕಾಲ ಬಿಗಿಯಾಗಿರಬೇಕಾದ ಜಾಗಕ್ಕೆ, ರಕ್ತನಾಳಕ್ಕೋ, ಹರಿದ ಸ್ನಾಯುರಜ್ಜುವಿಗೋ, ಅದನ್ನ ನಂಬೋಕಾಗಲ್ಲ. ಅಲ್ಲಿಗೆ ಕರಗದ ದಾರಾನೇ ಬೇಕು. ಅದು ಒಳಗೇ ಉಳಿಯುತ್ತೆ, ತೊಂದರೆ ಇಲ್ಲ.”

“ಕರಗೋದನ್ನ ಯಾವುದರಲ್ಲಿ ಮಾಡ್ತಾರೆ?”

“ಹಿಂದೆಲ್ಲ ಕುರಿ, ದನದ ಕರುಳಿಂದ ಮಾಡಿದ ದಾರ ಹೆಚ್ಚು ಬಳಸ್ತಿದ್ರು. ಅದು ಬೇಗ ಬಲ ಕಳ್ಕೊಳ್ಳುತ್ತೆ, ಕೆಲವರ ಮೈಗೆ ಅಷ್ಟಾಗಿ ಒಗ್ಗಲ್ಲ, ಊತ ಬರುತ್ತೆ. ಈಗ ಹೆಚ್ಚಾಗಿ ಕಾರ್ಖಾನೆಯಲ್ಲಿ ತಯಾರಾದ ಕರಗೋ ದಾರ. ಇಂತಿಷ್ಟು ವಾರ ಹಿಡಿಯುತ್ತೆ ಅಂತ ಮೊದಲೇ ಅಂದಾಜು ಸಿಗುತ್ತೆ. ನಿನ್ನ ಮಗಳಿಗೆ ಹಾಕಿದ್ದು ಅದೇ. ಚರ್ಮದ ಅಡಿಯಲ್ಲೇ ಓಡಿಸಿದ ಹೊಲಿಗೆ, ಮೇಲೆ ಕಾಣೋದೇ ಇಲ್ಲ. ಹಾಗಂತ ಹೊಟ್ಟೆ ಆಪರೇಷನ್ ಆದವರಿಗೆಲ್ಲ ಅದನ್ನೇ ಹಾಕ್ತಾರೆ ಅಂತಲ್ಲ. ಕೆಲವರಿಗೆ ಮೇಲೆ ತೆಗೆಯೋ ಹೊಲಿಗೆ ಇರುತ್ತೆ. ಕೇಳೇ ತಿಳ್ಕೋಬೇಕು.”

“ರೇಷ್ಮೆ ದಾರನೂ ಹಾಕ್ತಾರಂತಲ್ಲ?” ಎಂದು ನಾನು ಕೇಳಿದೆ. ಐಸ್ ಅಂಗಡಿಯವನ ಹೆಂಡತಿ ಎಂದೋ ಹೇಳಿದ್ದಳು.

“ಹಾಕ್ತಾರೆ ಅತ್ತಿಗೆ. ರೇಷ್ಮೆ ಕೈಗೆ ಮೆತ್ತಗೆ, ಹೇಳಿದ ಹಾಗೆ ಕೇಳುತ್ತೆ, ಗಂಟು ಕೂತಲ್ಲೇ ಕೂರುತ್ತೆ. ಬಾಯೊಳಗೆಲ್ಲ ನೈಲಾನ್ ತುದಿ ಚುಚ್ಚುತ್ತೆ, ರೇಷ್ಮೆ ಚುಚ್ಚಲ್ಲ. ಆದ್ರೆ ಅದು ಸಣ್ಣ ಸಣ್ಣ ಎಳೆ ಸೇರಿಸಿ ಹೆಣೆದಿದ್ದು.”

ಇವರು ನಡುವೆಯೇ ಬಾಯಿ ಹಾಕಿದರು. “ಹೆಣೆದ ದಾರ ಅಂದ್ರೆ ನೀರು ಕುಡಿಯುತ್ತೆ! ಎಳೆ ಸಂದಿಗಳಲ್ಲಿ ಕೊಳೆ ಕೂರುತ್ತೆ. ನಮ್ಮ ಹತ್ತಿ ಹುರಿ ನೋಡು, ಎಷ್ಟು ತೊಳೆದ್ರೂ ನಾತ ಹೋಗಲ್ಲ.”

“ಅಷ್ಟೇ ಅಣ್ಣ! ಕೊಳೆಯಾದ ಗಾಯದಲ್ಲಿ ಹೆಣೆದ ದಾರದ ಸಂದಿಯಲ್ಲಿ ಕ್ರಿಮಿ ಸೇರ್ಕೊಳ್ಳುತ್ತೆ. ನಿನ್ನ ಗಾಯ ಎಲ್ಲಿ ಆಗಿದ್ದು? ಮೀನಿನ ಬಲೆಯಲ್ಲಿ. ಅದಕ್ಕೇ ಡಾಕ್ಟರ್ ಮೇಲೆ ಒಂಟಿ ಎಳೆಯ ನೈಲಾನ್ ಹಾಕಿದ್ದು. ನುಣುಪು, ಕೊಳೆ ಹಿಡಿಯಲ್ಲ, ಚರ್ಮಕ್ಕೆ ಕಿರಿಕಿರಿ ಕಮ್ಮಿ. ಆದ್ರೆ ಅದರ ದೋಷ ನೀನೇ ಹೇಳ್ದೆ.”

“ಗಂಟು ಜಾರುತ್ತೆ.”

“ಜಾರುತ್ತೆ ಅಂತಲೇ ಗಂಟಿನ ಮೇಲೆ ಗಂಟು ಹಾಕಿ, ತುದಿ ಉದ್ದ ಬಿಡೋದು. ಆ ತುದಿಗೆ ಇನ್ನೂ ಒಂದು ಕೆಲಸ ಇದೆ. ತೆಗೆಯೋ ದಿನ ನಾವು ಹಿಡ್ಕೊಳ್ಳೋದು ಅದನ್ನೇ.”

ಇವರು ತಮ್ಮ ಕೈಯನ್ನೇ ನೋಡಿಕೊಂಡು ಕೂತರು. “ಛೇ” ಎಂದರು. “ಬೇರೆ ಯಾರಾದ್ರೂ ನನ್ನ ಬಲೆಗೆ ಹೀಗೆ ಮಾಡಿದ್ರೆ ಶೆಡ್ಡಿಂದ ಆಚೆ ಹಾಕ್ತಿದ್ದೆ.”

ಅಷ್ಟರಲ್ಲಿ ಡಾಕ್ಟರ್ ಕರೆದರು. ಗಾಯ ನೋಡಿ ಹುಬ್ಬು ಗಂಟಿಕ್ಕಿದರು. ಒತ್ತಿ ನೋಡಿದರು, ಬೆರಳು ಮಡಚಿಸಿ ನೋಡಿದರು. ನಾನು ಬಾಗಿಲಿಗೆ ಒರಗಿ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಕೊನೆಗೆ “ಸದ್ಯ, ಕೀವು ಮೇಲ್ಗಡೆನೇ ಇದೆ. ಇನ್ನೂ ತಡ ಮಾಡಿದ್ರೆ ಕಷ್ಟವಾಗ್ತಿತ್ತು” ಎಂದಾಗ ಹೋದ ಜೀವ ಬಂದಂತಾಯಿತು.

“ಬಿಚ್ಚಿದ ಕಡೆ ಮತ್ತೆ ಎರಡು ಹೊಲಿಗೆ ಎಳೆದುಬಿಡಿ ಡಾಕ್ಟ್ರೇ” ಎಂದರು ಇವರು.

“ಕೊಳೆ ಒಳಗಿಟ್ಟು ಬಾಗಿಲು ಹಾಕೋಕಾಗಲ್ಲ ಮೇಸ್ತ್ರಿ. ಆ ತುದಿ ತೆರೆದೇ ಇರಲಿ. ತೊಳೆದು ಪಟ್ಟಿ ಹಾಕ್ತೀವಿ, ಒಳಗಿಂದ ತಾನೇ ತುಂಬಿಕೊಳ್ಳುತ್ತೆ. ಗುರುತು ಸ್ವಲ್ಪ ದಪ್ಪ ಉಳಿಯುತ್ತೆ. ಅದು ನೀವೇ ಸಂಪಾದಿಸಿದ್ದು.”

ದಿನಾ ಹೋಗಿ ಡ್ರೆಸ್ಸಿಂಗ್ ಮಾಡಿಸಿಕೊಂಡರು. ಮಾತ್ರೆಗಳನ್ನು ಪೂರ್ತಿ ಮುಗಿಸಿದರು. ಊತ ಇಳಿದ ಕೂಡಲೇ ಬಿಡುತ್ತೇನೆಂದು ಹಟ ಹಿಡಿದಾಗ ನಾನೇ ಎದುರು ನಿಂತು ನುಂಗಿಸಿದೆ. ಶೆಡ್ಡಿಗೆ ಹೋಗಲಿಲ್ಲ. ಮನೆಯಲ್ಲಿ ಕೂತು ಫೋನಿನಲ್ಲೇ ಶೆಡ್ಡಿನವರಿಗೆ ಗಂಟು ಹೇಳಿಕೊಟ್ಟರು. ಅವರ ಕೂಗಾಟಕ್ಕೆ ಮಲಗಿದ ಮಗು ಎದ್ದು ಅಳುತ್ತಿತ್ತು.

ಆಸ್ಪತ್ರೆಗೆ ಹೋಗಿ ಹೊಲಿಗೆ ತೆಗೆಸುವ ದಿನವೂ ಬಂತು. ಮುಖದ ಗಾಯವಾದರೆ ಬೇಗ ತೆಗೆಯುತ್ತಾರೆ, ಕೈಕಾಲಿನದು ಇನ್ನೂ ಕೆಲವು ದಿನ ಬಿಡುತ್ತಾರೆ. ಮೊದಲೇ ತೆಗೆದರೆ ಗಾಯ ಬಾಯಿ ಬಿಡುತ್ತದೆ, ತಡಮಾಡಿದರೆ ದಾರದ ಸುತ್ತ ಚರ್ಮ ಬೆಳೆದು ಗುರುತು ಉಳಿಯುತ್ತದೆ, ಸೋಂಕೂ ಆಗಬಹುದು. ನಾದಿನಿ ಹಿಡಿಯಲು ತುದಿಯಿಲ್ಲದೆ, ಸಣ್ಣ ಚಿಮಟದಲ್ಲಿ ಗಂಟುಗಳನ್ನು ಒಂದೊಂದಾಗಿ ಹುಡುಕಿ ಎತ್ತಬೇಕಾಯಿತು. ಇವರು ಒಮ್ಮೆ “ಹಾ” ಎಂದರು.

“ತುದಿ ಇದ್ದಿದ್ರೆ ಗೊತ್ತೇ ಆಗ್ತಿರಲಿಲ್ಲ” ಎಂದಳು ಅವಳು, ಕೈ ನಿಲ್ಲಿಸದೆ.

ಗಂಟನ್ನು ಮೇಲೆತ್ತಿ, ಒಂದೇ ಕಡೆ ಚರ್ಮಕ್ಕೆ ತಾಗಿದಂತೆ ಕತ್ತರಿಸಿ, ಎಳೆದಳು. ಹೊರಗಿದ್ದ ದಾರ ಗಾಯದೊಳಗೆ ಹಾದುಹೋಗದಂತೆ ತೆಗೆಯುವ ರೀತಿ ಅದು. ಇವರು ಅದನ್ನು ಗಮನವಿಟ್ಟು ನೋಡಿದರು. “ಪರವಾಗಿಲ್ವೇ, ಕೆಲಸ ಚೊಕ್ಕವಾಗಿದೆ” ಎಂದರು. ಇವರ ಬಾಯಲ್ಲಿ ಇನ್ನೊಬ್ಬರ ದಾರದ ಕೆಲಸಕ್ಕೆ ಇಷ್ಟು ಹೊಗಳಿಕೆ ಬಂದರೆ ಅದೇ ದೊಡ್ಡದು. ನಾದಿನಿ ಮುಖ ಅರಳಿತು.

ಈಗ ಇವರ ಶೆಡ್ಡಿನಲ್ಲಿ ಹೊಸ ಪದ್ಧತಿ ಬಂದಿದೆ. ಗಾಳ ಚುಚ್ಚಿಸಿಕೊಂಡವರು, ಹಗ್ಗ ತಗುಲಿ ಹುಬ್ಬು ಒಡೆದುಕೊಂಡವರು ಯಾರೇ ಬರಲಿ, ಇವರು ಮೊದಲು ಕೇಳುವುದು “ಎಲ್ಲಿ, ಹೊಲಿಗೆ ತೋರಿಸು” ಎಂದು. ಮೊನ್ನೆ ಒಬ್ಬ ಮೀನುಗಾರ ಕಾಲಿಗೆ ಬಿದ್ದ ಹೊಲಿಗೆಯ ತುದಿ ಪ್ಯಾಂಟಿಗೆ ಸಿಕ್ಕುತ್ತದೆಂದು ಕತ್ತರಿ ಕೇಳಿದನಂತೆ. ಇವರು ಕತ್ತರಿಯ ಮೇಲೆ ಹತ್ತಿ ಕೂತು, “ಪ್ಯಾಂಟ್ ಬೇಕಾದ್ರೆ ಕತ್ತರಿಸಿಕೊಡ್ತೀನಿ” ಎಂದರಂತೆ. ಆಮೇಲೆ ತಮ್ಮ ಕೈಯ ದಪ್ಪ ಗುರುತು ತೋರಿಸಿ, ಅವನನ್ನು ಆಸ್ಪತ್ರೆಯ ಬಾಗಿಲವರೆಗೆ ತಾವೇ ಬಿಟ್ಟು ಬಂದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಷ್ಟು ಹೊತ್ತು ನಮ್ಮ ಮನೆಯವರ ಮಾನ ಹರಾಜು ಹಾಕಿದ್ದು ನಿಮಗಾಗಿ. ಹೊಲಿಗೆ ಎಂದರೆ ಎಲ್ಲ ಒಂದೇ ಅಲ್ಲ. ಕರಗುವುದೂ ಉಂಟು, ತೆಗೆಸಬೇಕಾದದ್ದೂ ಉಂಟು, ಒಂದೇ ಗಾಯದಲ್ಲಿ ಎರಡೂ ಇರುವುದುಂಟು. ಪಕ್ಕದ ಮನೆಯವರಿಗೆ ಆದ ಹಾಗೇ ನಿಮಗೂ ಆಗುತ್ತದೆ ಎಂದುಕೊಳ್ಳಬೇಡಿ. ಹೊಲಿಗೆ ಬಿದ್ದ ದಿನವೇ ಕೇಳಿ: ಯಾವ ದಾರ ಹಾಕಿದ್ದೀರಿ, ಇದು ಕರಗುತ್ತದೋ, ಇಲ್ಲವಾದರೆ ಯಾವತ್ತು ತೆಗೆಯುತ್ತೀರಿ, ಯಾವಾಗಿನಿಂದ ನೀರು ತಾಗಿಸಬಹುದು? ನೀವಾಗಿ ಕತ್ತರಿಸಬೇಡಿ, ಎಳೆಯಬೇಡಿ, ಲೈಟರ್ ಅಂತೂ ಹತ್ತಿರ ತರಲೇಬೇಡಿ! ಕೆಂಪಾಯಿತೋ, ಊದಿತೋ, ಕೀವು ಬಂತೋ, ಜ್ವರ ಬಂತೋ, ಹೊಲಿಗೆ ಬಿಚ್ಚಿತೋ, ಟವೆಲ್ಲಿನೊಳಗೆ ಮುಚ್ಚಿಡದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಡಾಕ್ಟರನ್ನು ಇಷ್ಟೆಲ್ಲ ಕೇಳಿದರೆ ಬೈದಾರು ಎಂಬ ಅಂಜಿಕೆಯೇ? ಬೈದರೆ ಬೈಯಲಿ ಬಿಡಿ, ಬೈಗುಳಕ್ಕೆ ಕೀವು ಕಟ್ಟುವುದಿಲ್ಲ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಗಾಯ ಮುಚ್ಚಿಟ್ಟುಕೊಂಡು ಎಡಗೈಯಲ್ಲಿ ಚಹಾ ಕುಡಿಯುತ್ತಿರಬಹುದು. ಓದುತ್ತಿರುವ ಇದನ್ನು ಕೆಳಗಿಟ್ಟು, ಮೊದಲು ಹೋಗಿ ಆ ಕೈ ನೋಡಿ.